ಒಗೆದ ಬಟ್ಟೆಗೆ ಮುಗ್ಗಲು ವಾಸನೆ: ಮಲೆನಾಡಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಪುನರ್ವಸು ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಮನೆಯ ಟವೆಲ್ಲಿಗೂ ಒಂದೇ ವಾಸನೆ. ಅದಕ್ಕೆ ಹೆಚ್ಚಿನವರು ಮಾಡುವ ಮದ್ದೂ ಒಂದೇ: ಸೋಪಿನ ಪುಡಿ ಇನ್ನೊಂದು ಚಮಚ, ಜೊತೆಗೆ ಘಮ್ಮೆನ್ನುವ ಕಂಡೀಷನರ್ ಒಂದು ಮುಚ್ಚಳ. ಎರಡು ದಿನ ಹೂವಿನ ಪರಿಮಳ, ಮೂರನೇ ದಿನ ಅದೇ ಮುಗ್ಗಲು. ಈ ಎರಡೂ ಮದ್ದು ದೋಷವನ್ನು ಹೆಚ್ಚಿಸುತ್ತವೆ, ಯಾಕೆಂಬುದು ಮುಂದೆ ಬರುತ್ತದೆ.

ವಾಸನೆ ಹುಟ್ಟುವ ಜಾಗ ನಾಲ್ಕೇ: ಒಗೆಯುವ ಮೊದಲು ಬಟ್ಟೆ ಬಿದ್ದಿರುವ ರಾಶಿ, ಮಷಿನ್, ಒಣಹಾಕುವ ಹಗ್ಗ, ಬೀರು. ಯಾವುದೆಂದು ಗೊತ್ತು ಮಾಡಿಕೊಳ್ಳದೆ ಮಷಿನ್ ತೊಳೆಯುವ ಪುಡಿಯನ್ನೋ ಬೀರುವಿಗಿಡುವ ಪೊಟ್ಟಣವನ್ನೋ ತಂದರೆ ದುಡ್ಡು ದಂಡ.

ಮೊದಲು ಮೂಗಿನ ಪರೀಕ್ಷೆ

ಮುಗ್ಗಲು ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ದೋಷಗಳು ಅಡಗಿವೆ.

ಹುಳಿ ಬೆರೆತ, ಒದ್ದೆ ಮಸಿಬಟ್ಟೆಯಂಥ ವಾಸನೆ ಬ್ಯಾಕ್ಟೀರಿಯಾದ್ದು. ಇದರ ಗುರುತು ಖಚಿತ: ಬಟ್ಟೆ ಒಣಗಿದಾಗ ಏನೂ ಇಲ್ಲ, ಮೈ ಒರೆಸಿದ ಕೂಡಲೇ, ಬೆವರಿದ ಕೂಡಲೇ ಅಥವಾ ಇಸ್ತ್ರಿ ಪೆಟ್ಟಿಗೆ ಇಟ್ಟ ಕೂಡಲೇ ಏಳುತ್ತದೆ. ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಇದರ ಮುಖ್ಯ ಕಾರಣವೆಂದು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಎಳೆಗಳಲ್ಲಿ ಉಳಿದ ಮೈಯೆಣ್ಣೆ, ಬೆವರನ್ನು ತಿಂದು ಅದು ಒಂದು ಬಗೆಯ ಕೊಬ್ಬಿನಾಮ್ಲವನ್ನು ಬಿಡುತ್ತದೆ, ನಮ್ಮ ಮೂಗಿಗೆ ಬಡಿಯುವುದು ಆ ಆಮ್ಲ. ಬಟ್ಟೆ ಒಣಗಿದರೂ ಈ ಜೀವಿ ಸಾಯದು, ಬಿಸಿಲನ್ನೂ ಸಾಕಷ್ಟು ತಡೆದುಕೊಳ್ಳುತ್ತದೆ. ಆದ್ದರಿಂದ ‘ಒಂದು ದಿನ ಬಿಸಿಲಿಗೆ ಹಾಕಿದೆವು, ಆದರೂ ಹೋಗಲಿಲ್ಲ’ ಎಂಬ ದೂರಿನಲ್ಲಿ ಆಶ್ಚರ್ಯವಿಲ್ಲ.

ಹಳೇ ಪುಸ್ತಕದಂಥ, ಮಣ್ಣಿನಂಥ ವಾಸನೆ ಬೂಷ್ಟಿನದು. ಇದು ಒಣಬಟ್ಟೆಯಲ್ಲೂ ಬರುತ್ತದೆ. ಕಾಲರಿನ ಮಡಿಕೆ, ಸೀರೆಯ ಅಂಚು, ಬೆಲ್ಟು ಹಾಕುವ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಬೂದು ಇಲ್ಲವೇ ಕರಿ ಚುಕ್ಕೆ ಕಾಣುತ್ತವೆ. ಇದು ಬಹುಮಟ್ಟಿಗೆ ಬೀರುವಿನ ದೋಷ.

ಕೊಳೆತ ಮೊಟ್ಟೆಯಂಥ, ಚರಂಡಿಯಂಥ ವಾಸನೆ ಬಂದರೆ ಬಟ್ಟೆಯನ್ನು ಬಿಟ್ಟು ನೀರು ಹೋಗುವ ಪೈಪನ್ನು ನೋಡಿ.

ನಾಲ್ಕು ತುಂಡಿನ ಪರೀಕ್ಷೆ

ಹಳೇ ಬಿಳಿ ಹತ್ತಿ ಪಂಚೆಯಿಂದ ಕರವಸ್ತ್ರದಷ್ಟು ಅಗಲದ ನಾಲ್ಕು ತುಂಡು ಕತ್ತರಿಸಿ. ಮೂಲೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಹೊಲಿಗೆ ಹಾಕಿ ಗುರುತು ಮಾಡಿ. ನಾಲ್ಕನ್ನೂ 15 ನಿಮಿಷ ಕುದಿಸಿ, ಹಿಂಡಿ, ಇಸ್ತ್ರಿಯಲ್ಲೇ ಪೂರ್ತಿ ಒಣಗಿಸಿ. ಈಗ ಅವು ಶುದ್ಧ.

1. ಒಂದನೇ ತುಂಡನ್ನು ಎಂದಿನಂತೆ ಮಷಿನ್‌ನಲ್ಲಿ ಹಾಕಿ, ಆದರೆ ಬೇರೆ ಬಟ್ಟೆ ಬೇಡ. ಮುಗಿದ ಕೂಡಲೇ ಹೊರತೆಗೆದು ಇಸ್ತ್ರಿಯಲ್ಲಿ ಒಣಗಿಸಿ.
2. ಎರಡನೆಯದನ್ನು ಬಕೆಟ್ಟಿನಲ್ಲಿ ಕೈಯಿಂದ ಒಗೆದು, ದಿನವೂ ಬಟ್ಟೆ ಹಾಕುವ ಹಗ್ಗದ ಮೇಲೇ ಹಾಕಿ. ಎಷ್ಟು ಗಂಟೆಗೆ ಒಣಗಿತೆಂದು ಬರೆದಿಡಿ.
3. ಮೂರನೆಯದನ್ನು ಒಗೆಯದೆ, ಬೀರುವಿನಲ್ಲಿ ಮಡಚಿಟ್ಟ ಬಟ್ಟೆಗಳ ನಡುವೆ ನಾಲ್ಕು ದಿನ ಇಡಿ.
4. ನಾಲ್ಕನೆಯದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರಲಿ. ಹೋಲಿಸಿ ನೋಡಲು ಇದು ಬೇಕು.

ನಾಲ್ಕು ದಿನದ ಮೇಲೆ ಒಂದೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ನಾಲ್ಕು ಚಮಚ ಬಿಸಿನೀರು ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಟ್ಟು ತೆರೆದು ಮೂಸಿ. ಆ ಮನೆಯ ವಾಸನೆಗೆ ಒಗ್ಗಿದ ಮೂಗಿಗೆ ವ್ಯತ್ಯಾಸ ತಿಳಿಯದು, ಪಕ್ಕದ ಮನೆಯವರಿಂದಲೂ ಮೂಸಿಸಿ. ಒಂದನೆಯದು ನಾತ ಬಂದರೆ ಮಷಿನ್, ಎರಡನೆಯದಕ್ಕೆ ಒಣಗಿಸುವ ಜಾಗ, ಮೂರನೆಯದಕ್ಕೆ ಬೀರು. ಮೂರೂ ಶುದ್ಧವಾಗಿದ್ದು ಮನೆಯ ಟವೆಲ್ ಮಾತ್ರ ನಾರುತ್ತಿದ್ದರೆ ದೋಷ ಆ ಟವೆಲ್ಲಿನ ಎಳೆಯೊಳಗೇ ಮನೆ ಮಾಡಿದೆ. ಒಂದು ಮತ್ತು ಎರಡು ಎರಡೂ ನಾರಿದರೆ ಟ್ಯಾಂಕಿನ ನೀರನ್ನು ಅನುಮಾನಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಇನ್ನೊಂದು ತುಂಡನ್ನು ಒಗೆದು ನೋಡಿ.

ರಾಶಿಯಲ್ಲಿ

ಮಳೆಯಲ್ಲಿ ನೆನೆದ ಯೂನಿಫಾರ್ಮ್, ತೋಟದಿಂದ ಬಂದ ಅಂಗಿ, ಉಂಬಳಕ್ಕೆಂದು ಹಾಕುವ ಉದ್ದ ಕಾಲುಚೀಲ ಎಲ್ಲವೂ ಒಂದೇ ಬುಟ್ಟಿಗೆ ಬಿದ್ದು ಮರುದಿನದವರೆಗೆ ಕೂತರೆ ವಾಸನೆಯ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಒಗೆಯುವುದು ನಾಳೆಯಾದರೂ ಸರಿ, ಒದ್ದೆ ಬಟ್ಟೆಯನ್ನು ಬಚ್ಚಲ ಕೋಲಿನ ಮೇಲೆ ಹರವಿ. ರಾತ್ರಿಯಿಡೀ ಸೋಪಿನ ನೀರಲ್ಲಿ ನೆನೆಹಾಕುವ ರೂಢಿಯನ್ನೂ ಮಳೆಗಾಲದಲ್ಲಿ ಬಿಡಬೇಕು. ಆರಿದ ಸೋಪಿನ ನೀರು ಬ್ಯಾಕ್ಟೀರಿಯಾವನ್ನು ಕೊಲ್ಲದು, ಒಂದು ಗಂಟೆ ನೆನೆದರೆ ಸಾಕು.

ಕರೆಂಟ್ ಹೋಗಿ ಬಟ್ಟೆ ಮಷಿನ್‌ನಲ್ಲೇ ಸಿಕ್ಕಿಕೊಳ್ಳುವುದು ನಮ್ಮ ಕಡೆ ಮಾಮೂಲು. ಎರಡು ಮೂರು ಗಂಟೆಯಲ್ಲಿ ಬಾರದಿದ್ದರೆ ಕಾಯಬೇಡಿ. ಟಾಪ್ ಲೋಡ್ ಆದರೆ ತೆಗೆದು ಕೈಯಲ್ಲಿ ಹಿಂಡಿ. ಫ್ರಂಟ್ ಲೋಡ್ ಆದರೆ ಕೆಳಗಿನ ಫಿಲ್ಟರ್ ಪಕ್ಕದ ಸಣ್ಣ ಕೊಳವೆಯಿಂದ ನೀರು ಬಸಿದು ಬಾಗಿಲು ತೆಗೆಯಿರಿ. ರಾತ್ರಿಯಿಡೀ ಒದ್ದೆಯಾಗಿ ಕೂತ ಬಟ್ಟೆಯನ್ನು ಜಾಲಿಸಿದರೆ ಸಾಲದು, ಮತ್ತೆ ಸೋಪು ಹಾಕಿ ಒಗೆಯಬೇಕು.

ಮಷಿನ್‌ನಲ್ಲಿ

ಯಾವ ಕೆಲಸಕ್ಕೂ ಮೊದಲು ಪ್ಲಗ್ ಕಿತ್ತಿಡಿ.

ಫ್ರಂಟ್ ಲೋಡ್‌ನಲ್ಲಿ ಮೊದಲ ಅಪರಾಧಿ ಬಾಗಿಲಿನ ರಬ್ಬರ್. ಅದರ ಕೆಳಮಡಿಕೆಯನ್ನು ಬೆರಳಲ್ಲಿ ಬಿಡಿಸಿ ನೋಡಿ: ಲೋಳೆ, ಕೂದಲು, ಒಂದೆರಡು ನಾಣ್ಯ, ಕರಿ ಚುಕ್ಕೆ. ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚುಕ್ಕೆಯಿದ್ದಲ್ಲಿ ಒಂದಕ್ಕೆ ಒಂಬತ್ತು ಪಾಲು ನೀರು ಬೆರೆಸಿದ ಕ್ಲೋರಿನ್ ಬ್ಲೀಚಿನಲ್ಲಿ ನೆನೆಸಿದ ಬಟ್ಟೆಯನ್ನು 15 ನಿಮಿಷ ಅಂಟಿಸಿಟ್ಟು ಚೆನ್ನಾಗಿ ತೊಳೆಯಿರಿ. ಎರಡನೆಯದು ಕೆಳಮೂಲೆಯ ಫಿಲ್ಟರ್. ಚಪ್ಪಟೆ ತಟ್ಟೆ ಇಟ್ಟು ನಿಧಾನ ತಿರುಗಿಸಿ, ಉಳಿದಿದ್ದ ನೀರು ಬರುತ್ತದೆ. ಆ ನೀರೇ ನಾರಿದರೆ ಉತ್ತರ ಸಿಕ್ಕಿತು. ತಿಂಗಳಿಗೊಮ್ಮೆ ಇದನ್ನು ತೊಳೆಯಬೇಕು. ಮೂರನೆಯದು ಸೋಪು ಹಾಕುವ ಡ್ರಾಯರ್. ಪೂರ್ತಿ ಹೊರಗೆಳೆದು ಅದರ ಗೂಡಿನ ಮೇಲ್ಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ, ಬೂಷ್ಟು ಬೆಳೆಯುವುದು ಅಲ್ಲಿ.

ಟಾಪ್ ಲೋಡ್‌ನಲ್ಲಿ ಕಣ್ಣಿಗೆ ಕಾಣುವ ಡ್ರಮ್ ಫಳಫಳ ಹೊಳೆಯುತ್ತಿದ್ದರೂ ಅದರ ಹೊರಮೈಗೂ ಹೊರಗಿನ ಟಬ್ಬಿಗೂ ನಡುವೆ ಬೂದು ಲೋಳೆ ಕಟ್ಟಿರುತ್ತದೆ. ಬಟ್ಟೆ ಮೇಲೆ ಸುಟ್ಟ ಕಾಗದದ ಚೂರಿನಂಥ ಕರಿ ಪದರ ಅಂಟಿ ಬಂದರೆ ಅದು ಇದೇ. ಮಷಿನ್ ತಾಳುವಷ್ಟು ಬಿಸಿನೀರನ್ನು, ಅಂದರೆ 50ರಿಂದ 60 ಡಿಗ್ರಿ ಮೀರದಂತೆ, ಮೇಲ್ಮಟ್ಟದವರೆಗೆ ತುಂಬಿ. ಬಚ್ಚಲ ಹಂಡೆಯಿರುವ ಮನೆಗಳಿಗೆ ಇದು ಸುಲಭ. 150 ಗ್ರಾಂ ಸೋಡಿಯಂ ಪರ್‌ಕಾರ್ಬೊನೇಟ್ (ಆಕ್ಸಿಜನ್ ಬ್ಲೀಚ್ ಎನ್ನುವ ಪುಡಿ ಇದೇ) ಹಾಕಿ, ಐದು ನಿಮಿಷ ತಿರುಗಿಸಿ, ಎರಡು ಗಂಟೆ ನಿಲ್ಲಿಸಿ, ಮತ್ತೆ ತಿರುಗಿಸಿ. ತೇಲುವ ಚೂರನ್ನು ಟೀ ಜಾಲರಿಯಿಂದ ಎತ್ತಿ ತೆಗೆದ ಮೇಲೇ ನೀರು ಬಿಡಿ, ಇಲ್ಲದಿದ್ದರೆ ಅವು ಪಂಪಿಗೆ ಸೇರುತ್ತವೆ. ಮೊದಲ ಸಲಕ್ಕೆ ಮುಗಿಯದು, ಚೂರು ಬರುವುದು ನಿಲ್ಲುವವರೆಗೆ ಎರಡು ಮೂರು ಸಲ ಮಾಡಬೇಕು.

ಸೆಮಿ ಆಟೋಮ್ಯಾಟಿಕ್‌ನಲ್ಲಿ ತಳದ ಚಕ್ರದ ನಡುವಿನ ಸ್ಕ್ರೂ ಬಿಚ್ಚಿ ಚಕ್ರವನ್ನು ಮೇಲೆತ್ತಿ, ಅಡಿಯಲ್ಲಿರುವುದನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೀರು ಹೋಗುವ ಪೈಪು ನೆಲದಲ್ಲಿ ಜೋತು ಬಿದ್ದಿದ್ದರೆ ಆ ಬಾಗಿನಲ್ಲಿ ನೀರು ನಿಂತು ಕೊಳೆಯುತ್ತದೆ, ಇಳಿಜಾರಾಗಿ ಕಟ್ಟಿ.

ಪೇಟೆಯಲ್ಲಿ ಮಾರುವ ಮಷಿನ್ ಪುಡಿಗಳಲ್ಲಿ ಹಲವು ಸುಣ್ಣದ ಪದರ ಕರಗಿಸುವ ಆಮ್ಲದವು. ಬೋರ್‌ವೆಲ್‌ನ ಗಡಸು ನೀರಿಗೆ ಅವು ಬೇಕು. ಅಬ್ಬಿ ನೀರು, ಜಂಬಿಟ್ಟಿಗೆ ನೆಲದ ಬಾವಿ ನೀರು ಬಳಸುವ ಮನೆಯಲ್ಲಿ ಸುಣ್ಣ ಕಟ್ಟುವುದೇ ಅಪರೂಪ. ಅಲ್ಲಿನ ಶತ್ರು ಲೋಳೆ, ಅದಕ್ಕೆ ಬೇಕಾದ್ದು ಬಿಸಿನೀರು ಮತ್ತು ಆಕ್ಸಿಜನ್ ಬ್ಲೀಚ್.

ಒಂದು ಎಚ್ಚರಿಕೆಯನ್ನು ಗೋಡೆಗೆ ಬರೆದು ಅಂಟಿಸಿದರೂ ತಪ್ಪಿಲ್ಲ: ಕ್ಲೋರಿನ್ ಬ್ಲೀಚಿನ ಜೊತೆ ವಿನೆಗರ್, ನಿಂಬೆಹುಳಿ, ಟಾಯ್ಲೆಟ್ ಕ್ಲೀನರ್ ಯಾವುದೂ ಸೇರಕೂಡದು. ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಲ್ಲಿ ಪ್ರಾಣಕ್ಕೇ ಸಂಚಕಾರ.

ಸೋಪು ಹೆಚ್ಚಾದರೆ ಯಾಕೆ ನಾತ

ಮೆದು ನೀರಿನಲ್ಲಿ ಸೋಪಿನ ಪುಡಿ ಬೇಗ ನೊರೆ ಕೊಡುತ್ತದೆ, ಬೇಗ ಬಿಟ್ಟು ಹೋಗುವುದಿಲ್ಲ. ನೊರೆಯ ಹಾಸಿಗೆಯ ಮೇಲೆ ಬಟ್ಟೆ ತೇಲುತ್ತದೆಯೇ ಹೊರತು ಒಂದಕ್ಕೊಂದು ಉಜ್ಜುವುದಿಲ್ಲ. ಉಳಿದ ಸೋಪು, ಬಿಡದ ಮೈಯೆಣ್ಣೆ, ಮೇಲೆ ಕಂಡೀಷನರಿನ ಜಿಡ್ಡು, ಮೂರೂ ಸೇರಿ ಎಳೆಗೆ ಲೇಪವಾಗುತ್ತವೆ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ. ಟವೆಲ್ ನೀರು ಹೀರದೆ ಮೈಮೇಲೆ ಜಾರುತ್ತಿದ್ದರೆ ಈ ಲೇಪ ಕಟ್ಟಿದೆ ಎಂದೇ ಅರ್ಥ.

ನೋಡುವ ಬಗೆ: ಒಗೆದ ಟವೆಲ್ಲನ್ನು ಸೋಪಿಲ್ಲದ ಬಿಸಿನೀರಿನಲ್ಲಿ ಚೆನ್ನಾಗಿ ಕಿವುಚಿ. ನೊರೆ ಎದ್ದರೆ ಸೋಪು ಹೆಚ್ಚಾಗಿದೆ. ಮೆದು ನೀರಿರುವಲ್ಲಿ ಪೊಟ್ಟಣದ ಮೇಲೆ ಬರೆದದ್ದರ ಅರ್ಧದಿಂದ ಶುರು ಮಾಡಿ, ಕಾಲರಿನಲ್ಲಿ ಜಿಡ್ಡು ಉಳಿದರೆ ಮಾತ್ರ ಮುಕ್ಕಾಲಿಗೆ ಏರಿಸಿ. ಕಡಿಮೆಯಾದರೂ ದೋಷವೇ, ಮೈಯೆಣ್ಣೆ ಬಿಡುವುದಿಲ್ಲ. ಗಡಸು ನೀರಿಗೆ ಪೊಟ್ಟಣದ ಲೆಕ್ಕವೇ ಸರಿ. ಟವೆಲ್ಲಿಗೆ, ಒಳಉಡುಪಿಗೆ ಮಳೆಗಾಲದಲ್ಲಿ ಕಂಡೀಷನರ್ ಬೇಡವೇ ಬೇಡ.

ನಾತ ಹಿಡಿದ ಬಟ್ಟೆಯ ಚಿಕಿತ್ಸೆ

ಹಿಂದೆ ಮಡಿವಾಳರು ಚೌಳು ಮಣ್ಣು ಹಾಕಿ ಬಟ್ಟೆಯನ್ನು ಉಬ್ಬೆಗಿಡುತ್ತಿದ್ದರು. ಕ್ಷಾರ ಜಿಡ್ಡನ್ನು ಬಿಡಿಸುತ್ತಿತ್ತು, ಹಬೆ ಜೀವಿಗಳನ್ನು ಕೊಲ್ಲುತ್ತಿತ್ತು. ಇಂದಿಗೂ ಬೇಕಾದ್ದು ಅವೆರಡೇ: ಬಿಸಿ ಮತ್ತು ಕ್ಷಾರ. ತಣ್ಣೀರಲ್ಲಿ ಹತ್ತು ಸಲ ಒಗೆದರೂ ಆಗದ ಕೆಲಸ ಬಿಸಿನೀರಲ್ಲಿ ಒಂದೇ ಸಲಕ್ಕೆ ಆಗುತ್ತದೆ.

ಬಣ್ಣ ಬಿಡದ ಹತ್ತಿ ಬಟ್ಟೆಗೆ: 10 ಲೀಟರ್ ನೀರು 60 ಡಿಗ್ರಿಯಲ್ಲಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ 5 ಲೀಟರ್ ಕುದಿನೀರಿಗೆ 5 ಲೀಟರ್ ನಲ್ಲಿ ನೀರು ಬೆರೆಸಿ, ಲೆಕ್ಕ ಅಲ್ಲಿಗೇ ಬರುತ್ತದೆ. ಮೊದಲು ತಣ್ಣೀರು, ಮೇಲೆ ಕುದಿನೀರು ಸುರಿದರೆ ಪ್ಲಾಸ್ಟಿಕ್ ಬಕೆಟ್ ಬಾಗುವುದಿಲ್ಲ. 50 ಗ್ರಾಂ ಪರ್‌ಕಾರ್ಬೊನೇಟ್, ಒಂದು ಚಮಚ ಸೋಪಿನ ಪುಡಿ ಕರಗಿಸಿ, ಬಟ್ಟೆ ಪೂರ್ತಿ ಮುಳುಗಿಸಿ, ಎರಡು ಗಂಟೆ ಬಿಡಿ. ಆಮೇಲೆ ಒಗೆದು ಎರಡು ನೀರಿನಲ್ಲಿ ಜಾಲಿಸಿ. ಉಳಿದ ದ್ರಾವಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ, ಅನಿಲ ತುಂಬಿ ಒಡೆಯುತ್ತದೆ. ಪರ್‌ಕಾರ್ಬೊನೇಟ್ ಸಿಗದಿದ್ದರೆ ಬಿಳಿ ಹತ್ತಿಯನ್ನು ವಾಷಿಂಗ್ ಸೋಡಾ ಎರಡು ಚಮಚ ಹಾಕಿ 15 ನಿಮಿಷ ಕುದಿಸಿದರೂ ಫಲ ಒಂದೇ.

ಕ್ಲೋರಿನ್ ಬ್ಲೀಚ್ ಬಿಳಿ ಹತ್ತಿಗೆ ಮಾತ್ರ: 10 ಲೀಟರ್ ತಣ್ಣೀರಿಗೆ 50 ಮಿ.ಲೀ., 15 ನಿಮಿಷ. ಬಾವಿ ನೀರು ಬಕೆಟ್ಟಿನ ತಳದಲ್ಲಿ ಕೆಂಪು ಕಟ್ಟುವಂಥದ್ದಾದರೆ ಅದನ್ನೂ ಮಾಡಬೇಡಿ. ನೀರಿನಲ್ಲಿರುವ ಕಬ್ಬಿಣ ಬ್ಲೀಚಿಗೆ ಸೇರಿ ಬಿಳಿ ಬಟ್ಟೆ ಕಂದಾಗುತ್ತದೆ.

ಅಡಿಕೆ ತೋಟದ ಮನೆಗಳಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದವರ ಬಟ್ಟೆಯಲ್ಲಿ ಮೈಲುತುತ್ತದ ತಾಮ್ರ ಇರುತ್ತದೆ. ಆ ಬಟ್ಟೆಯನ್ನು ಆಕ್ಸಿಜನ್ ಬ್ಲೀಚಿನಲ್ಲಿ ನೆನೆಸಿದರೆ ತಾಮ್ರ ಆ ಬ್ಲೀಚನ್ನು ರಭಸದಿಂದ ಒಡೆದು ಎಳೆಯನ್ನೇ ತಿನ್ನಿಸುತ್ತದೆ, ನಾಲ್ಕು ಸಲಕ್ಕೆ ಬಟ್ಟೆ ಪಿಸಿಯುತ್ತದೆ. ತುಕ್ಕಿನ ಕಲೆಯಿರುವ ಬಟ್ಟೆಗೂ ಇದೇ ಗತಿ. ಅವನ್ನು ಬೇರೆಯಾಗಿ, ಬರೀ ಸೋಪಿನಲ್ಲಿ ಒಗೆಯಿರಿ.

ರೇಷ್ಮೆ, ಉಣ್ಣೆಗೆ ಸೋಡಾ, ಪರ್‌ಕಾರ್ಬೊನೇಟ್, ಕುದಿನೀರು ಮೂರೂ ವರ್ಜ್ಯ. ಅಂಟುವಾಳದ ನೀರು ಇಲ್ಲವೇ ಉಣ್ಣೆಗೆಂದೇ ಬರುವ ದ್ರವದಲ್ಲಿ ತಣ್ಣಗೆ ಒಗೆದು ನೆರಳಲ್ಲಿ ಗಾಳಿಗೆ ಹಾಕಿ.

ಹಗ್ಗದ ಮೇಲೆ

ಮಲೆನಾಡಿನಲ್ಲಿ ಹತ್ತಕ್ಕೆ ಏಳು ದೋಷ ಇಲ್ಲಿಯದೇ ಎಂದು ಹಿಡಿದುಕೊಂಡು ಹೊರಟರೆ ತಪ್ಪಾಗದು. ಚೆನ್ನಾಗಿ ಒಗೆದ ಬಟ್ಟೆಯೂ ಒಂದು ಹಗಲು ಒಂದು ರಾತ್ರಿ ಹಸಿಯಾಗಿದ್ದರೆ ಉಳಿದ ನಾಲ್ಕಾರು ಜೀವಿಗಳೇ ಮತ್ತೆ ಸಾವಿರವಾಗುತ್ತವೆ. ಐದಾರು ಗಂಟೆಯಲ್ಲಿ ಒಣಗಿದರೆ ವಾಸನೆ ಹುಟ್ಟುವುದು ಕಷ್ಟ. ಎರಡನೇ ತುಂಡು ಒಣಗಲು 12 ಗಂಟೆ ಮೀರಿದ್ದರೆ ಸೋಪು ಬದಲಿಸಿ ಪ್ರಯೋಜನವಿಲ್ಲ.

ಲೆಕ್ಕ ಹಾಕಿ ನೋಡೋಣ. 6 ಕಿಲೋ ಹತ್ತಿ ಬಟ್ಟೆಯನ್ನು 1,200 ಆರ್‌ಪಿಎಂ ವೇಗದಲ್ಲಿ ಹಿಂಡಿದರೂ ಸುಮಾರು 3 ಲೀಟರ್ ನೀರು ಉಳಿಯುತ್ತದೆ. ಕೈಯಲ್ಲಿ ಹಿಂಡಿದರೆ 6 ಲೀಟರಿಗೂ ಹೆಚ್ಚು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ಇರುವ ಗಾಳಿ 34 ಘನ ಮೀಟರ್. 25 ಡಿಗ್ರಿಯಲ್ಲಿ, ಶೇ. 90 ತೇವವಿರುವ ಆ ಗಾಳಿ ಇನ್ನು ಹೀರಬಲ್ಲ ನೀರು ಸುಮಾರು 80 ಗ್ರಾಂ. ಅಂದರೆ ಅರ್ಧ ಲೋಟಕ್ಕೂ ಕಡಿಮೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿಟ್ಟರೆ ಅದೇ ತೇವದ ಗಾಳಿ ಸುತ್ತುತ್ತದೆ, ಗೋಡೆ ಬೆವರುತ್ತದೆ. ಅದೇ ಗಾಳಿಯನ್ನು 32 ಡಿಗ್ರಿಗೆ ಬಿಸಿ ಮಾಡಿದರೆ ಹೀರುವ ಶಕ್ತಿ 440 ಗ್ರಾಂ ದಾಟುತ್ತದೆ, ಐದು ಪಟ್ಟಿಗೂ ಹೆಚ್ಚು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಒಣಗುವ ಗುಟ್ಟು ಇದು: ಬಿಸಿ ಗಾಳಿ, ಮತ್ತು ಹೆಂಚಿನ ಸಂದಿಯಿಂದ ಅದು ಹೊರಹೋಗಲು ದಾರಿ.

ಶಿವಮೊಗ್ಗ ಪೇಟೆಯಲ್ಲಿ ಫ್ಯಾನು, ತೆರೆದ ಕಿಟಕಿ ಎರಡರಿಂದಲೇ ಬಹಳ ದಿನ ಸುಧಾರಿಸಬಹುದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯಲ್ಲಿ, ಹುಲಿಕಲ್ಲಿನ ಸುತ್ತ ಅದು ನಡೆಯದು, ಬಿಸಿ ಬೇಕೇ ಬೇಕು. ಆದ್ದರಿಂದ ಹೀಗೆ ಮಾಡಿ.

ಒಗೆತ ಮುಗಿದ ಮೇಲೆ ಇನ್ನೊಂದು ಸಲ ಬರೀ ಸ್ಪಿನ್ ಹಾಕಿ. ಹತ್ತು ನಿಮಿಷದ ಕರೆಂಟ್ ಹಗ್ಗದ ಮೇಲಿನ ಎಷ್ಟೋ ಗಂಟೆ ಉಳಿಸುತ್ತದೆ. ಬಟ್ಟೆ ಬಟ್ಟೆಯ ನಡುವೆ ಅಂಗೈ ಅಗಲ ಜಾಗ ಬಿಡಿ, ಎರಡು ಪದರ ಮಡಚಿ ಹಾಕಬೇಡಿ. ಜೀನ್ಸ್ ಒಳಗು ಹೊರಗು ಮಾಡಿ, ಸೊಂಟದ ಬಾಯಿ ತೆರೆದಿರುವಂತೆ ನೇತುಹಾಕಿ. ಅಂಗಿಗೆ ಹ್ಯಾಂಗರ್. ಫ್ಯಾನ್ ಗಾಳಿ ಕೆಳಗಿನಿಂದ ಓರೆಯಾಗಿ ತಗಲುವಂತಿರಲಿ, ಕೋಣೆಯ ಮೇಲ್ಭಾಗದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಹೊರಕ್ಕೆ ಎಳೆಯುತ್ತಿರಲಿ. ಮಳೆ ಹೊಳವಾದಾಗ ಸಿಗುವ ಅರ್ಧ ಗಂಟೆಗೆ ಮೊದಲ ಪಾಳಿ ಟವೆಲ್ಲು, ಕಾಲುಚೀಲಗಳದ್ದು. ಪಾಲಿಯೆಸ್ಟರ್ ಸೀರೆಗಳು ಹೇಗೂ ಒಳಗೇ ಒಣಗುತ್ತವೆ.

ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಆರಿಸುವ ಪದ್ಧತಿ ಒಳ್ಳೆಯದೇ, ಆದರೆ ಬಾಗಿಲು ಹಾಕಿದ ಕೋಣೆಯಲ್ಲಿ ಬೇಡ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಲೆ ಮೇಲಿನ ಹಗ್ಗ ಬೆಂಕಿಯಿಂದ ಆರಡಿಯಾದರೂ ಎತ್ತರವಿರಬೇಕು, ಪಾಲಿಯೆಸ್ಟರ್ ಅಲ್ಲಿಗೆ ಬರಕೂಡದು.

ದುಡ್ಡು ಹಾಕುವುದೇ ಆದರೆ ಬಟ್ಟೆಯ ಕಂಡೀಷನರಿಗಿಂತ ತೇವ ಹೀರುವ ಯಂತ್ರಕ್ಕೆ ಹಾಕಿ, ಡಿಹ್ಯುಮಿಡಿಫೈಯರ್ ಎಂದು ಕೇಳಿದರೆ ಕೊಡುತ್ತಾರೆ. ದಿನಕ್ಕೆ 12ರಿಂದ 20 ಲೀಟರ್ ಎಂದು ಬರೆದಿರುವುದು ಒಂದು ಕೋಣೆಗೆ ಸಾಕು. ಇದಕ್ಕೆ ಮಾತ್ರ ಕಿಟಕಿ ಬಾಗಿಲು ಮುಚ್ಚಿರಬೇಕು. 300 ವಾಟ್‌ನ ಯಂತ್ರ ರಾತ್ರಿ ಎಂಟು ಗಂಟೆ ಓಡಿದರೆ ಸುಮಾರು ಎರಡೂವರೆ ಯೂನಿಟ್.

ಬೀರುವಿನಲ್ಲಿ

ಮುಟ್ಟಿದರೆ ಒಣಗಿದಂತಿರುವ ಬಟ್ಟೆ ನಿಜಕ್ಕೂ ಒಣಗಿರುವುದಿಲ್ಲ. ಶೇ. 65 ತೇವದ ಗಾಳಿಯಲ್ಲಿ ಹತ್ತಿ ತನ್ನ ತೂಕದ ಶೇ. 7–8ರಷ್ಟು ನೀರು ಹಿಡಿದಿರುತ್ತದೆ. ಶೇ. 90ರಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಅದನ್ನು ಹಾಗೆಯೇ ಮಡಚಿ ಒತ್ತಿಟ್ಟರೆ ಬೂಷ್ಟಿಗೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ. ಮಡಚುವ ಮೊದಲು ಬಟ್ಟೆಯನ್ನು ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಬಿಸಿ ಒಲೆಯ ಪಕ್ಕ ಹತ್ತು ನಿಮಿಷ ಇಡಿ. ಮುಚ್ಚಳದ ಒಳಗೆ ಮಂಜು ಕಟ್ಟಿದರೆ ಬೀರುವಿಗೆ ಹೋಗಬಾರದು. ಇಸ್ತ್ರಿ ಮಾಡಿದ ಬಟ್ಟೆಯನ್ನೂ ಕಾಲು ಗಂಟೆ ಹರವಿ, ಹಬೆ ಹೋದ ಮೇಲೆ ಮಡಚಿ.

ಬೀರು ಹೊರಗೋಡೆಗೆ, ಅದರಲ್ಲೂ ಮಳೆ ಬಡಿಯುವ ಪಡುವಣ ಗೋಡೆಗೆ ತಾಗಿದ್ದರೆ ಮೊದಲು ನಾಲ್ಕು ಇಂಚು ಮುಂದಕ್ಕೆಳೆಯಿರಿ. ನೆಲದಿಂದಲೂ ಇಟ್ಟಿಗೆ ಎತ್ತರಕ್ಕೆ ಏರಿಸಿ. ಮುಕ್ಕಾಲು ಮಾತ್ರ ತುಂಬಿ. ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ. ಇದ್ದಿಲು ವಾಸನೆಯನ್ನು ಒಂದಿಷ್ಟು ಹೀರುತ್ತದೆ, ಒಣಗಿಸುವುದಿಲ್ಲ. ಸಿಲಿಕಾ ಜೆಲ್, ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಬಾಗಿಲು ಬಿಗಿಯಾಗಿ ಕೂರುವ ಬೀರುವಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಸಂದಿಯಿದ್ದರೆ ಅವು ಇಡೀ ಊರಿನ ಮಳೆಗಾಲವನ್ನು ಹೀರಲು ಹೊರಡುತ್ತವೆ. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯಲ್ಲಿ ನಿಲ್ಲುವ ದ್ರವ ಚೆಲ್ಲಿದರೆ ರೇಷ್ಮೆ, ಚರ್ಮ ಎರಡೂ ಹಾಳು. ಅದನ್ನು ಕೆಳಗಿನ ಅರೆಯಲ್ಲಿ ತಟ್ಟೆಯೊಳಗಿಡಿ.

ಬೂಷ್ಟು ಕಂಡರೆ ಬಟ್ಟೆಯನ್ನು ಒಳಗೆ ಕೊಡವಬೇಡಿ, ಬೀಜಕಣಗಳು ಕೋಣೆ ತುಂಬಾ ಹರಡುತ್ತವೆ. ಹೊರಗೊಯ್ದು ಬ್ರಷ್ ಮಾಡಿ, ಮೇಲೆ ಹೇಳಿದ ಬಿಸಿನೀರಿನ ಚಿಕಿತ್ಸೆ ಕೊಡಿ. ಕರಿ ಚುಕ್ಕೆ ಹತ್ತಿಯ ಎಳೆಯೊಳಗೆ ಇಳಿದಿದ್ದರೆ ವಾಸನೆ ಹೋಗುತ್ತದೆ, ಕಲೆ ಪೂರ್ತಿ ಹೋಗದು. ಬೀರುವಿನ ಒಳಮೈಯನ್ನು ಸೋಪಿನ ನೀರಲ್ಲಿ ಒರೆಸಿ, ಬಾಗಿಲು ತೆರೆದು ಫ್ಯಾನಿನ ಎದುರು ಒಂದು ದಿನ ಪೂರ್ತಿ ಒಣಗಿಸಿದ ಮೇಲೆ ಬಟ್ಟೆ ಜೋಡಿಸಿ.

ರೇಷ್ಮೆ ಸೀರೆಯನ್ನು ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲ ಬೇಡ. ಮಳೆ ನಿಂತು ಒಣಹವೆ ಬಿದ್ದ ಮೇಲೆ ದೀಪಾವಳಿ ಹೊತ್ತಿಗೆ ಎಲ್ಲವನ್ನೂ ಬಿಚ್ಚಿ, ನೆರಳಿನಲ್ಲಿ ಎರಡು ಗಂಟೆ ಗಾಳಿಗೆ ಹಾಕಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ ಇಡಿ. ಜರಿಯ ಭಾಗ ಒಳಗೆ ಬರಲಿ.